ದುರ್ಯೋಧನನ ಪಾತ್ರಕ್ಕೆ ಏನು ರೇಟು?

ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆಯಲ್ಲಿ ಜಾತ್ರೆ, ಹಬ್ಬ ಹತ್ತಿರ ಬಂತೆಂದರೆ ಅಂಗಡಿ ಗೋಡೆಗಳ ಮೇಲೆ ಕುರುಕ್ಷೇತ್ರ ನಾಟಕದ ಪೋಸ್ಟರ್ ಏಳುತ್ತದೆ. ಪೋಸ್ಟರ್ ತುಂಬ ಮುಖಗಳು. ಒಂದೊಂದು ಮುಖದ ಕೆಳಗೂ ಪಾತ್ರದ ಹೆಸರು, ಊರಿನ ಹೆಸರು. ಸ್ವಲ್ಪ ಗಮನವಿಟ್ಟು ನೋಡಿದರೆ ಕೃಷ್ಣ ಇಬ್ಬರಿರುತ್ತಾರೆ, ಕೆಲವು ಸಲ ದುರ್ಯೋಧನನೂ ಇಬ್ಬರು. ಹೊಸಬರಿಗೆ ಇದು ಅಚ್ಚಿನ ತಪ್ಪಿನಂತೆ ಕಾಣಬಹುದು. ತಪ್ಪಲ್ಲ, ಲೆಕ್ಕಾಚಾರ. ಹಳೇ ಮೈಸೂರು ಸೀಮೆಯ ಹಳ್ಳಿಯ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡಿದವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾತ್ರ ಮಾಡುವವರೇ ದುಡ್ಡು ಹಾಕಬೇಕು. ಸೀನರಿ, ಡ್ರೆಸ್ಸು, ಮೈಕು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲವೂ ಆ ದುಡ್ಡಿನಲ್ಲೇ ನಡೆಯಬೇಕು. ಎಲ್ಲ ಪಾತ್ರಕ್ಕೂ ಒಂದೇ ರೇಟು ಇರುವುದಿಲ್ಲ. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ನಕುಲ ಸಹದೇವರಿಗೆ ಕಡಿಮೆ. ವಿದುರ, ಸಾತ್ಯಕಿ ನಡುವೆ ಎಲ್ಲೋ ಬರುತ್ತಾರೆ.

ಈ ರೇಟನ್ನು ಹೇಗೆ ಕಟ್ಟುತ್ತಾರೆ ಅನ್ನುವುದೇ ಸ್ವಾರಸ್ಯ. ದುರ್ಯೋಧನ ಭೀಮನಿಗಿಂತ ಬಲಶಾಲಿಯೇ ಅಲ್ಲವೇ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಸೀನಿನಲ್ಲಿ ಬರುತ್ತಾನೆ, ಎಷ್ಟು ಪದ್ಯ ಇದೆ, ಯಾವ ಹೊತ್ತಿನಲ್ಲಿ ಬರುತ್ತಾನೆ, ಒನ್ಸ್ ಮೋರ್ ಬೀಳುವ ಪದ್ಯ ಯಾರ ಪಾಲಿಗಿದೆ — ರೇಟು ನಿಲ್ಲುವುದು ಇವುಗಳ ಮೇಲೆ. ಬೆಳಗಿನ ಜಾವದ ಗದಾಯುದ್ಧದ ಹೊತ್ತಿಗೆ ಅರ್ಧ ಊರು ಚಾಪೆಯ ಮೇಲೆ ಮಲಗಿರುತ್ತದೆ. ಒಂಬತ್ತೂವರೆಗೆ ಬರುವ ಕೃಷ್ಣನಿಗೆ ಇಡೀ ಊರು ಎಚ್ಚರವಾಗಿ ಕೂತಿರುತ್ತದೆ. ಹಲಸಿನ ವ್ಯಾಪಾರಕ್ಕೆ ಹೆಸರಾದ ಸೀಮೆಯಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಪಾತ್ರಕ್ಕೆ ಇಬ್ಬರು ಪಟ್ಟು ಹಿಡಿದರೆ ಪಾತ್ರವನ್ನೇ ಸೀಳುತ್ತಾರೆ: ಸಂಧಾನದವರೆಗೆ ಒಂದನೇ ಕೃಷ್ಣ, ಆಮೇಲೆ ಎರಡನೇ ಕೃಷ್ಣ.

ಜಗತ್ತಿನ ಬೇರೆ ಬೇರೆ ಕಡೆ ಕತ್ತಿವರಸೆಯ ಕಥೆಯಾಟಗಳನ್ನು ರಚಿಸುವವರು ಐವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ. ಅವರು ಅದನ್ನು ಬ್ಯಾಲೆನ್ಸ್ ಎಂದು ಕರೆಯುತ್ತಾರೆ.

ಮೊದಲು ಆಟ ಯಾವುದೆಂದು ಹೇಳಿಬಿಡುತ್ತೇನೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಕಂಪ್ಯೂಟರ್ ಇಲ್ಲದೆ, ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂತು ಬಾಯಲ್ಲೇ ಕಟ್ಟುವ ಕಥೆ. ಒಬ್ಬರು ಗೇಮ್ ಮಾಸ್ಟರ್; ನಮ್ಮ ನಾಟಕದ ಮೇಷ್ಟ್ರ ಹಾಗೆ ಎಲ್ಲವನ್ನೂ ನಡೆಸುವವರು, ಶತ್ರುಗಳ ಪಾತ್ರವೂ ಅವರದೇ. ಉಳಿದವರಿಗೆ ತಲಾ ಒಂದು ಪಾತ್ರ. ಬರೆದಿಟ್ಟ ಮಾತಿಲ್ಲ, ಕಂಠಪಾಠವಿಲ್ಲ. 'ನಾನು ಕೋಟೆ ಗೋಡೆ ಹತ್ತುತ್ತೇನೆ' ಎಂದು ಆಟಗಾರ ಹೇಳುತ್ತಾನೆ, ಹತ್ತಿದನೋ ಬಿದ್ದನೋ ಎನ್ನುವುದನ್ನು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದಕ್ಕೆ ನಾಂದಿ. ಅದರ ಮರುವರ್ಷವೇ ಬಂದ 'ಆನ್ ಗಾರ್ಡ್' ಎಂಬ ಆಟ ರಾಕ್ಷಸರನ್ನು, ಮಂತ್ರವಾದಿಗಳನ್ನು ಬಿಟ್ಟು ಪ್ಯಾರಿಸ್ಸಿನ ಕತ್ತಿಗಾರರನ್ನು ಹಿಡಿಯಿತು. 1844ರಲ್ಲಿ ಅಲೆಕ್ಸಾಂಡರ್ ಡ್ಯೂಮಾ ಬರೆದ 'ತ್ರೀ ಮಸ್ಕಿಟಿಯರ್ಸ್' ಕಾದಂಬರಿಯ ಲೋಕ ಅದು. ನಕ್ಕು ಕತ್ತಿ ಹಿಡಿಯುವ, ಹಗ್ಗಕ್ಕೆ ಜೋತು ಮಹಡಿಯಿಂದ ಮಹಡಿಗೆ ಹಾರುವ, ಎದುರಾಳಿಯನ್ನು ಗಾಯಗೊಳಿಸುವ ಮುಂಚೆ ಎರಡು ಮಾತಿನಲ್ಲಿ ಅವನ ಮಾನ ಕಳೆಯುವ ವೀರರು.

ಇಂಥ ವೀರ ನಮಗೇನೂ ಹೊಸಬನಲ್ಲ. 1963ರ 'ವೀರಕೇಸರಿ', 1975ರ 'ಮಯೂರ' ನೋಡಿದವರಿಗೆ ಬೇರೆ ವಿವರಣೆ ಬೇಡ. ಆ ಕತ್ತಿ ಹಿಡಿದ ರಾಜ್‌ಕುಮಾರ್ ಅವರ ಪಾಠಶಾಲೆಗಳಲ್ಲಿ ಒಂದು, ಚೇಳೂರಿನ ತಾಲ್ಲೂಕು ಕೇಂದ್ರದಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ. ಇತಿಹಾಸದ ಕಡೆಗೆ ತಿರುಗಿದರೆ ಅದೇ ತಾಲ್ಲೂಕಿನ ಹಾಗಲವಾಡಿಯಲ್ಲಿ ಪಾಳೇಗಾರರು ಆಳಿದ್ದಾರೆ, ಉತ್ತರಕ್ಕೆ ಮಧುಗಿರಿ, ನಿಡಗಲ್ಲು, ಚಿತ್ರದುರ್ಗ. ಕೋಟೆ, ಕುದುರೆ, ಮುತ್ತಿಗೆ, ಒಳಸಂಚು — ಇಂಥ ಆಟಕ್ಕೆ ಬೇಕಾದ ಸಾಮಾನೆಲ್ಲ ಐವತ್ತು ಅರವತ್ತು ಮೈಲಿಯೊಳಗೆ ಬಿದ್ದಿದೆ. ಹಾಗಾಗಿ ಮುಂದಿನ ಉದಾಹರಣೆಗಳಿಗೆ ಪ್ಯಾರಿಸ್ ಬಿಟ್ಟು ಹಾಗಲವಾಡಿಯ ಒಂದು ಕಲ್ಪಿತ ಆಟವನ್ನೇ ಇಟ್ಟುಕೊಳ್ಳೋಣ.

ನಮ್ಮ ಆಟದಲ್ಲಿ ನಾಲ್ಕು ಪಾತ್ರ: ಕತ್ತಿ ಹಿಡಿದ ದಳವಾಯಿ, ಬೇಹುಗಾರ, ಕುದುರೆ ವ್ಯಾಪಾರಿ, ಮಾಟ ಮಂತ್ರ ಬಲ್ಲ ಜೋಗಿ. ಪ್ರತಿ ಆಟಗಾರನ ಕೈಗೂ 100 ಅಂಕ ಕೊಡುತ್ತೇವೆ. ಆ ಅಂಕದಲ್ಲಿ ಬೇಕಾದ್ದನ್ನು ಕೊಳ್ಳಲಿ. 1999ರಲ್ಲಿ ಬಂದ 'ಸೆವೆಂತ್ ಸೀ' ಎಂಬ ಜನಪ್ರಿಯ ಕತ್ತಿವರಸೆಯ ಆಟ ಮಾಡಿದ್ದು ಇದನ್ನೇ: ನೂರು ಅಂಕ, ಅದರಲ್ಲಿ ಕತ್ತಿಯ ಗರಡಿಗೆ ಒಂದು ಬೆಲೆ, ಮಾಂತ್ರಿಕ ರಕ್ತಕ್ಕೆ ಇನ್ನೊಂದು ಬೆಲೆ. ದುರ್ಯೋಧನನ ರೇಟು ಕಟ್ಟಿದ ಹಾಗೆಯೇ. ಬೆಲೆ ತಪ್ಪಿದರೆ ಆಟ ಕೆಡುತ್ತದೆ. ಮಂತ್ರ ಅಗ್ಗವಾದರೆ ಎಲ್ಲರೂ ಜೋಗಿಗಳೇ. ದುಬಾರಿಯಾದರೆ ಜೋಗಿಯಾದವನು ಉಳಿದದ್ದಕ್ಕೆಲ್ಲ ಬಡವ. ಮಂತ್ರ ಹಾಕುವ ಒಂದು ಗಳಿಗೆ ಬಿಟ್ಟರೆ ರಾತ್ರಿಯಿಡೀ ಬಾಯಿ ಮುಚ್ಚಿಕೊಂಡು ಕೂರಬೇಕು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದರಲ್ಲಿ ಬಹಳ ಕಾಲ ಒದ್ದಾಡಿತು. ಅದರ ಹಳೆಯ ಆವೃತ್ತಿಗಳಲ್ಲಿ ಐದನೇ ಹಂತ ಮುಟ್ಟಿದ ಮಂತ್ರವಾದಿ ಒಂದು ಬೆಂಕಿಯುಂಡೆ ಎಸೆದರೆ ಆರು ಮುಖದ ದಾಳವನ್ನು ಐದು ಸಲ ಹಾಕಿದಷ್ಟು, ಅಂದರೆ ಸರಾಸರಿ 17.5ರಷ್ಟು ಪೆಟ್ಟು, ಅದೂ ಒಬ್ಬನಿಗಲ್ಲ, ಆ ಜಾಗದಲ್ಲಿ ನಿಂತ ಅಷ್ಟೂ ಜನಕ್ಕೆ. ಪಕ್ಕದಲ್ಲಿ ನಿಂತ ಕತ್ತಿಯವನು ಒಬ್ಬೊಬ್ಬರನ್ನೇ ಕಡಿಯುತ್ತಾ ಕೂರಬೇಕು. 2008ರಲ್ಲಿ ಬಂದ ನಾಲ್ಕನೇ ಆವೃತ್ತಿ ಈ ಅಂತರವನ್ನು ಅಳಿಸಲು ಹೊರಟು ಎಲ್ಲ ಪಾತ್ರಕ್ಕೂ ಒಂದೇ ಅಚ್ಚಿನ ಶಕ್ತಿಗಳನ್ನು ಹಂಚಿತು: ಯಾವಾಗ ಬೇಕಾದರೂ ಬಳಸುವಂಥವು, ಕಾಳಗಕ್ಕೊಮ್ಮೆ ಬಳಸುವಂಥವು, ದಿನಕ್ಕೊಮ್ಮೆ ಬಳಸುವಂಥವು. ಕಾಗದದ ಮೇಲೆ ತಕ್ಕಡಿ ನೆಟ್ಟಗಾಯಿತು. ಆದರೆ ಆಟಗಾರರು, ಕತ್ತಿಗೂ ಮಂತ್ರಕ್ಕೂ ಬಣ್ಣ ಬಿಟ್ಟರೆ ವ್ಯತ್ಯಾಸವೇ ಇಲ್ಲ ಎಂದು ಗೊಣಗಿದರು. ಅವರ ಗೊಣಗಾಟ ಸರಿ ಎಂದೇ ನನ್ನ ಎಣಿಕೆ. ಎಲ್ಲರಿಗೂ ಸಮನಾದ ಬಲ ಕೊಡುವುದು ಬ್ಯಾಲೆನ್ಸ್‌ನ ಅತಿ ಸೋಮಾರಿ ರೂಪ. ನಕುಲನಿಗೂ ದುರ್ಯೋಧನನಷ್ಟೇ ಪದ್ಯ ಬರೆದುಬಿಟ್ಟರೆ ನಾಟಕ ಸಮವಾಗುವುದಿಲ್ಲ, ಉದ್ದವಾಗುತ್ತದೆ ಅಷ್ಟೇ.

ಗುಬ್ಬಿ ವೀರಣ್ಣನವರು ಇದನ್ನು ಅರಿತಿದ್ದರು. 1934ರಲ್ಲಿ ಅವರ ಕಂಪನಿ ಆಡಿದ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ಜೀವಂತ ಆನೆ, ಕುದುರೆ ಬಂದವು ಎಂಬುದು ಎಲ್ಲರಿಗೂ ಗೊತ್ತು. ಆದರೆ ಜನ ವೀರಣ್ಣನವರನ್ನು ಇವತ್ತಿಗೂ ನೆನೆಯುವುದು 'ಸದಾರಮೆ'ಯ ಕಳ್ಳನಾಗಿ. ರಾಜನಲ್ಲ, ರಾಜಕುಮಾರನಲ್ಲ, ಕತ್ತಿ ಎತ್ತಿದರೆ ಸೋಲುವ ಆಸಾಮಿ. ಆದರೂ ಅವನು ಬಂದನೆಂದರೆ ರಂಗ ಅವನದು. ಕಥೆಯಾಟದ ನಿಯಮ ಬರೆಯುವವರು ಕಲಿಯಬೇಕಾದ್ದು ಇಲ್ಲಿದೆ: ನಮ್ಮ ಹಾಗಲವಾಡಿಯ ಕುದುರೆ ವ್ಯಾಪಾರಿ ದಳವಾಯಿಯಷ್ಟು ಚೆನ್ನಾಗಿ ಕಾದಬೇಕಾಗಿಲ್ಲ. ಅವನು ಮಾತ್ರ ತೆರೆಯಬಲ್ಲ ಬಾಗಿಲು ಒಂದಿರಬೇಕು. ಸುಂಕದ ಕಟ್ಟೆಯವನನ್ನು ಮಾತಿನಲ್ಲಿ ಮರುಳು ಮಾಡುವುದು, ಕದ್ದ ಕುದುರೆಯನ್ನು ಕದ್ದವನಿಗೇ ಮಾರುವುದು. ಆ ಹೊತ್ತಿನಲ್ಲಿ ದಳವಾಯಿ ಪಕ್ಕಕ್ಕೆ ನಿಂತು ನಗಬೇಕು. ಬಲ ಸಮ ಇರದಿದ್ದರೂ ನಡೆಯುತ್ತದೆ, ರಂಗದ ಪಾಲು ಸಮ ಇರಬೇಕು. ಹಳ್ಳಿಯ ಮೇಷ್ಟ್ರು ಪದ್ಯ ಎಣಿಸುವುದು ಇದಕ್ಕೇ.

ಇಷ್ಟು ಆಟಗಾರರ ನಡುವಿನ ಹಂಚಿಕೆಯಾಯಿತು. ಕತ್ತಿವರಸೆಯ ಆಟಕ್ಕೆ ಮಾತ್ರ ಅಂಟಿಕೊಂಡ ಇನ್ನೊಂದು ಕಷ್ಟವಿದೆ, ಅದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಒಂದು ಸನ್ನಿವೇಶ ತೆಗೆದುಕೊಳ್ಳಿ. ದಳವಾಯಿ ಕೋಟೆಯ ಹೊರಗಿನ ಹಲಸಿನ ಮರದ ಮೇಲಿದ್ದಾನೆ. ಕೆಳಗೆ ಶತ್ರು ಸರದಾರ ಕುದುರೆಯ ಮೇಲೆ. ಆಟಗಾರ ಹೇಳುತ್ತಾನೆ: 'ನಾನು ಕೊಂಬೆ ಹಿಡಿದು ಜೋತು, ಕುದುರೆಯ ಬೆನ್ನಿಗೆ ಹಾರಿ, ಸರದಾರನ ಕತ್ತಿಗೆ ಕತ್ತಿ ಕೊಡುತ್ತೇನೆ.' ಮೇಜಿನ ಸುತ್ತ ಇದ್ದವರೆಲ್ಲ ಮುಂದಕ್ಕೆ ಬಾಗುತ್ತಾರೆ. ಗೇಮ್ ಮಾಸ್ಟರ್ ಪುಸ್ತಕ ತಿರುವಿ ನೋಡುತ್ತಾರೆ. ಜೋತು ಬೀಳಲು ಒಂದು ದಾಳ, ಕುದುರೆಯ ಮೇಲೆ ನಿಲ್ಲಲು ಒಂದು ದಾಳ, ಕತ್ತಿ ಹೊಡೆಯಲು ಒಂದು ದಾಳ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಸಲ 9 ಅಥವಾ ಹೆಚ್ಚು ಬೀಳಬೇಕು.

ಲೆಕ್ಕ ಹಾಕೋಣ. 9ರಿಂದ 20ರವರೆಗೆ 12 ಮುಖ. ಅಂದರೆ ಒಂದು ದಾಳ ಗೆಲ್ಲುವ ಸಾಧ್ಯತೆ ನೂರಕ್ಕೆ 60. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮೂರೂ ಗೆಲ್ಲಬೇಕಲ್ಲ. ಮೂರು ಸಲ 60 ಅಂದರೆ ನೂರಕ್ಕೆ ಇಪ್ಪತ್ತೆರಡು ಸಹ ಪೂರ್ತಿ ಇಲ್ಲ, 21.6. ಅದೇ ಆಟಗಾರ 'ಮರ ಇಳಿದು ಹೋಗಿ ಹೊಡೆಯುತ್ತೇನೆ' ಎಂದಿದ್ದರೆ ಒಂದೇ ದಾಳ, ನೂರಕ್ಕೆ 60. ಹಾರಿದ್ದಕ್ಕೆ ಬಹುಮಾನವಾಗಿ ಎರಡರಷ್ಟು ಪೆಟ್ಟು ಕೊಡೋಣ ಎಂದರೂ ಗಿಟ್ಟುವುದಿಲ್ಲ: 21.6ನ್ನು ಎರಡು ಪಟ್ಟು ಮಾಡಿದರೆ 43.2, ಇನ್ನೂ 60ಕ್ಕೆ ದೂರ. ಸರಿದೂಗಬೇಕಾದರೆ ಪೆಟ್ಟು ಹೆಚ್ಚುಕಡಿಮೆ 2.8 ಪಟ್ಟು ಇರಬೇಕು. ಅದರ ಮೇಲೆ ಕೊಂಬೆಯಿಂದ ಬಿದ್ದು ಕಾಲು ಮುರಿಯುವ ಭಯ ಬೇರೆ. ಬುದ್ಧಿವಂತ ಆಟಗಾರ ಎರಡನೇ ಸಲ ಹಾರುವುದಿಲ್ಲ. ಮೂರನೇ ಆಟದ ಹೊತ್ತಿಗೆ ಎಲ್ಲರೂ ನೆಲದ ಮೇಲೆ ಗೂಟ ಹೊಡೆದಂತೆ ನಿಂತು 'ಹೊಡೆದೆ, ಹೊಡೆದೆ' ಎನ್ನುತ್ತಿರುತ್ತಾರೆ. ಪುಸ್ತಕದ ಮುಖಪುಟದಲ್ಲಿ ಮಾತ್ರ ವೀರ ಹಗ್ಗಕ್ಕೆ ಜೋತು ಬಿದ್ದಿರುತ್ತಾನೆ.

ಈ ಆಟವನ್ನು ಕೆಡಿಸಿದವರು ಆಟಗಾರರಲ್ಲ. ನಿಯಮ ಯಾವುದಕ್ಕೆ ಕೂಲಿ ಕೊಡುತ್ತದೋ ಆಟಗಾರ ಅದನ್ನೇ ಮಾಡುತ್ತಾನೆ. ಸಾಹಸಕ್ಕೆ ದಂಡ ಹಾಕುವ ಪುಸ್ತಕ ಎಷ್ಟೇ ಅಂದವಾಗಿ ಮಸ್ಕಿಟಿಯರುಗಳ ಬಗ್ಗೆ ಬರೆದರೂ ಅದು ಗುಮಾಸ್ತರ ಆಟ.

ಇದಕ್ಕೆ ಪರಿಹಾರ ಹುಡುಕಿದವರು ಹಲವರು. 2001ರಲ್ಲಿ ಬಂದ 'ಎಕ್ಸಾಲ್ಟೆಡ್' ತಲೆಕೆಳಗು ಮಾಡಿತು: ಸಾಹಸವನ್ನು ಚೆನ್ನಾಗಿ ಬಣ್ಣಿಸಿ ಹೇಳಿದರೆ ಒಂದರಿಂದ ಮೂರು ದಾಳ ಹೆಚ್ಚುವರಿ. ಕೊಂಬೆಗೆ ಜೋತರೆ ಈಗ ಲಾಭ. ಮೊದಮೊದಲು ಸೊಗಸು. ಆಮೇಲೆ ಪ್ರತಿ ಏಟಿಗೂ ಬಣ್ಣನೆ ಸುರುವಾಗುತ್ತದೆ. ಬಾಗಿಲು ತೆರೆಯಲೂ ಒಂದು ಪಲ್ಟಿ. ಹಳ್ಳಿಯ ನಾಟಕದಲ್ಲಿ ಸಿಕ್ಕ ಸಿಕ್ಕ ಪದ್ಯಕ್ಕೆಲ್ಲ ಒನ್ಸ್ ಮೋರ್ ಕೂಗಿ, ನಡುನಡುವೆ ಹಾರ ಹಾಕುವ ಕಾರ್ಯಕ್ರಮ ಇಟ್ಟರೆ ಏನಾಗುತ್ತದೆಂದು ನೋಡಿದವರಿಗೆ ಗೊತ್ತು: ಬೆಳಕು ಹರಿದರೂ ದ್ರೌಪದಿಯ ಸೀರೆ ಸೆಳೆಯುವುದು ಮುಗಿದಿರುವುದಿಲ್ಲ.

2016ರ 'ಸೆವೆಂತ್ ಸೀ' ಎರಡನೇ ಆವೃತ್ತಿ ಇನ್ನೂ ದೂರ ಹೋಯಿತು. ಅದರಲ್ಲಿ ಮೊದಲೇ ದಾಳ ಹಾಕಿಬಿಡುವುದು. ಹತ್ತು ಮುಖದ ಐದು ದಾಳ ಹಾಕಿದಿರಿ. 7, 3, 8, 2, 6 ಬಿತ್ತು ಅನ್ನಿ. ಹತ್ತು ಕೂಡುವ ಜೋಡಿ ಮಾಡಬೇಕು: 7ಕ್ಕೆ 3, 8ಕ್ಕೆ 2. ಎರಡು ಜೋಡಿ, ಎರಡು 'ರೇಸ್'. 6 ಒಂಟಿ, ಲೆಕ್ಕಕ್ಕಿಲ್ಲ. ಈಗ ಆ ಎರಡನ್ನು ದುಡ್ಡಿನ ಹಾಗೆ ಖರ್ಚು ಮಾಡಿ. ಒಂದು ಕೊಟ್ಟರೆ ಕೊಂಬೆಯಿಂದ ಹಾರಿ ಸರದಾರನ ಮೇಲೆ ಬೀಳುವುದು ಖಂಡಿತ, ದಾಳದ ಮುಲಾಜಿಲ್ಲ. ಇನ್ನೊಂದು ಕೊಟ್ಟರೆ ಕಾಲು ಉಳುಕದೆ ಪಾರು. ಕೊಡದಿದ್ದರೆ ಹಾರುತ್ತೀರಿ, ಉಳುಕುತ್ತದೆ. ಪ್ರಶ್ನೆ 'ಆಗುತ್ತದೋ ಇಲ್ಲವೋ' ಎಂಬುದಲ್ಲ. 'ಏನು ಕಳೆದುಕೊಳ್ಳಲು ತಯಾರಿದ್ದೀ' ಎಂಬುದು. ಬಹಳ ಜಾಣ ನಿಯಮ. ಆದರೆ ಇದಕ್ಕೂ ಒಂದು ಊನ ಉಂಟು. ದಾಳ ಕೈಬಿಟ್ಟು ಉರುಳಿ ನಿಲ್ಲುವವರೆಗಿನ ಆ ಉಸಿರು ಬಿಗಿಹಿಡಿದ ಗಳಿಗೆ ಆರಂಭದಲ್ಲೇ ಮುಗಿದುಹೋಗುತ್ತದೆ; ಉಳಿದದ್ದು ಖರ್ಚಿನ ಬಾಬ್ತು. ಪಗಡೆ, ಚೌಕಾಬಾರ ಆಡಿ ಬೆಳೆದವರಿಗೆ ಕವಡೆ ಕೈಯಲ್ಲಿ ಕುಲುಕುವ ಸುಖ ಕಡಿಮೆಯಾಯಿತು ಅನ್ನಿಸಿಯೇ ತೀರುತ್ತದೆ. ನನಗೂ ಅನ್ನಿಸುತ್ತದೆ.

ನನ್ನ ಒಲವು ಇವೆರಡರ ನಡುವಿನ ಒಂದು ಸಣ್ಣ ನಿಯಮದ ಕಡೆಗೆ. ಸಾಹಸ ಎಷ್ಟೇ ಉದ್ದವಿರಲಿ, ದಾಳ ಒಂದೇ. ಕೊಂಬೆ, ಕುದುರೆ, ಕತ್ತಿ ಎಲ್ಲ ಸೇರಿ ಒಂದೇ 60. ಸೋತರೆ ಮಾತ್ರ ಸಪ್ಪೆಯಾಗಿ ನೆಲಕ್ಕೆ ಬೀಳುವುದಲ್ಲ: ಕೊಂಬೆ ಮುರಿದು ಸರದಾರನ ಜೊತೆಗೇ ಕೆಸರಿಗೆ ಬಿದ್ದಿರಿ, ಇಬ್ಬರ ಕತ್ತಿಯೂ ದೂರ. ಕಥೆ ನಿಲ್ಲಲಿಲ್ಲ, ದಾಳದ ಮಾನವೂ ಉಳಿಯಿತು.

ವೀರನಿಗೂ ಶತ್ರುವಿಗೂ ನಡುವೆ ತಕ್ಕಡಿ ಹೇಗಿರಬೇಕು? ಇಲ್ಲಿ ನಮ್ಮ ದೇವಸ್ಥಾನದ ಕಲ್ಲುಹಾಸುಗಳು ನೆನಪಾಗುತ್ತವೆ. ಕರ್ನಾಟಕದ ಎಷ್ಟೋ ಗುಡಿಗಳ ಜಗಲಿಯಲ್ಲಿ ಹುಲಿ-ಕುರಿ ಆಟದ ಗೆರೆಗಳು ಕೊರೆದಿವೆ. ಸಾಮಾನ್ಯವಾಗಿ ಹುಲಿ 3, ಕುರಿ 15. ಹುಲಿ ಹಾರಿ ಕುರಿಯನ್ನು ತಿನ್ನಬಹುದು, ಕುರಿ ಏನನ್ನೂ ತಿನ್ನಲಾರದು. ಹುಲಿಗೆ ಜಾಗವಿಲ್ಲದಂತೆ ಸುತ್ತುಗಟ್ಟಿದರೆ ಕುರಿಗೆ ಗೆಲುವು. ಎರಡು ಪಕ್ಷಕ್ಕೂ ಬಲ ಬೇರೆ, ನಡೆ ಬೇರೆ, ಗೆಲುವಿನ ಅರ್ಥವೇ ಬೇರೆ. ಆದರೂ ಆಟ ನಿಂತಿದೆ. ಇದೇ ಕುಟುಂಬದ ನೇಪಾಳದ ಬಾಘ್‌ಚಾಲ್‌ನಲ್ಲಿ 4 ಹುಲಿ, 20 ಕುರಿ. ಅದನ್ನು ಕಂಪ್ಯೂಟರಿನಲ್ಲಿ ಪೂರ್ತಿ ಜಾಲಾಡಿದ ಸಂಶೋಧಕರು, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ ಆಗುತ್ತದೆಂದು ತೋರಿಸಿದ್ದಾರೆ. ಗಣಿತ ಗೊತ್ತಿಲ್ಲದವರು ಜಗಲಿಯ ಮೇಲೆ ತಲೆಮಾರುಗಟ್ಟಲೆ ಆಡಿ ಆಡಿ ತಿದ್ದಿದ ತಕ್ಕಡಿ ಅದು. 

ಹುಲಿ-ಕುರಿಯಲ್ಲಿ ಒಬ್ಬರಾದ ಮೇಲೆ ಒಬ್ಬರ ನಡೆ. ಕುರಿ ಹದಿನೈದಿದ್ದರೂ ಒಂದು ಸರದಿಗೆ ಒಂದೇ ಕಾಯಿ ಸರಿಯುತ್ತದೆ. ಕಥೆಯಾಟದಲ್ಲಿ ಹಾಗಲ್ಲ. ದಳವಾಯಿಯ ಮೇಲೆ ಎಂಟು ಸಿಪಾಯಿಗಳು ಬಿದ್ದರೆ ಒಂದು ಸುತ್ತಿನಲ್ಲಿ ಎಂಟು ಏಟು. ನೂರಕ್ಕೆ 60ರಂತೆ ಐದಕ್ಕೆ ಹತ್ತಿರ ಏಟು ತಾಗುತ್ತದೆ. ದಳವಾಯಿ ತಿರುಗಿ ಕೊಡುವುದು ಒಂದು ಏಟು, ಅದೂ ತಾಗಿದರೆ. ಎಂಥ ಶೂರನೂ ಮೂರು ಸುತ್ತು ಉಳಿಯುವುದಿಲ್ಲ. ಚಿತ್ರದುರ್ಗದ ಒನಕೆ ಓಬವ್ವನ ಕಥೆ ನಮಗೆ ಇದನ್ನೇ ಹೇಳುತ್ತದೆ. ಬಯಲಲ್ಲಿ ಹೈದರಾಲಿಯ ಸೈನಿಕರಿಗೆ ಅವಳು ಎದುರಾಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಕಿಂಡಿಯಲ್ಲಿ ಒಬ್ಬೊಬ್ಬನೇ ತೆವಳಿ ಬರಬೇಕಾದ್ದರಿಂದ ಪ್ರತಿ ಸುತ್ತಿಗೂ ಅವರಿಗೊಂದು ನಡೆ, ಅವಳಿಗೊಂದು ಒನಕೆ. ಜಾಗವೇ ತಕ್ಕಡಿಯನ್ನು ಸರಿಮಾಡಿತು.

ಎಲ್ಲ ಕಡೆ ಕಿಂಡಿ ಸಿಗುವುದಿಲ್ಲವಲ್ಲ. ಅದಕ್ಕೆ 1996ರ 'ಫೆಂಗ್ ಶುಯಿ' ಒಂದು ದಾರಿ ತೆಗೆಯಿತು: ಶತ್ರುಗಳಲ್ಲಿ ಹೆಸರಿರುವವರು, ಹೆಸರಿಲ್ಲದವರು ಎಂದು ಎರಡು ಜಾತಿ. ಹೆಸರಿಲ್ಲದವರಿಗೆ ಗಾಯದ ಲೆಕ್ಕವೇ ಇಲ್ಲ; ಏಟು ಸರಿಯಾಗಿ ಬಿದ್ದರೆ ಉರುಳಿದರು, ಅಷ್ಟೇ. 'ಸೆವೆಂತ್ ಸೀ' ಅಂಥವರನ್ನು ಒಂದು ಗುಂಪಾಗಿ ಕಟ್ಟಿ ಗುಂಪಿಗೇ ಒಂದು ನಡೆ ಕೊಟ್ಟಿತು. ಸಿನಿಮಾದಲ್ಲಿ ರಾಜ್‌ಕುಮಾರ್ ಒಂದು ಸುತ್ತು ತಿರುಗಿದರೆ ನಾಲ್ವರು ಮೆಟ್ಟಿಲ ಮೇಲಿಂದ ಉರುಳುತ್ತಾರಲ್ಲ, ಅದು ನಿಯಮವಾಗಿದ್ದು ಹೀಗೆ. ಹೆಸರಿರುವ ಸರದಾರ ಬಂದಾಗ ಮಾತ್ರ ಕಾಳಗ ನಿಧಾನವಾಗುತ್ತದೆ, ಏಟಿಗೆ ಎದುರೇಟು ಲೆಕ್ಕಕ್ಕೆ ಬರುತ್ತದೆ.

ಕುರುಕ್ಷೇತ್ರಕ್ಕೆ ವಾಪಸ್ಸು ಬರದೆ ಇರಲಾಗುವುದಿಲ್ಲ, ಏಕೆಂದರೆ ಬ್ಯಾಲೆನ್ಸ್‌ನ ಮೊದಲ ಕರಾರು ಬರೆದದ್ದು ಅಲ್ಲಿಯೇ. ಭೀಷ್ಮಪರ್ವದಲ್ಲಿ ಯುದ್ಧ ಸುರುವಾಗುವ ಮುನ್ನ ಎರಡು ಪಕ್ಷದವರೂ ಒಪ್ಪಿದ ಕಟ್ಟಳೆಗಳಿವೆ: ರಥಿಕನಿಗೆ ರಥಿಕ, ಆನೆಯವನಿಗೆ ಆನೆಯವ, ಕಾಲಾಳಿಗೆ ಕಾಲಾಳು, ಆಯುಧ ಕಳೆದುಕೊಂಡವನನ್ನು, ಬೆನ್ನು ತಿರುಗಿಸಿದವನನ್ನು ಹೊಡೆಯಬಾರದು. ಹದಿನೆಂಟು ದಿನದಲ್ಲಿ ಒಂದೊಂದಾಗಿ ಎಲ್ಲವೂ ಮುರಿದವು. ಚಕ್ರವ್ಯೂಹದ ಅಭಿಮನ್ಯು ಎಂಟು ಸಿಪಾಯಿಗಳ ಲೆಕ್ಕವೇ, ಅವನ ಸುತ್ತ ಇದ್ದವರೆಲ್ಲ ಹೆಸರಿದ್ದ ಮಹಾರಥಿಗಳು ಎಂಬುದೊಂದು ವ್ಯತ್ಯಾಸ.

ಆದರೆ ನಿಯಮದ ಕಣ್ಣಿನಿಂದ ನೋಡಲು ಗದಾಯುದ್ಧದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಹತ್ತನೇ ಶತಮಾನದ ರನ್ನ ಒಂದು ಕಾವ್ಯಕ್ಕೆ ಸಾಕಾಗುವಷ್ಟನ್ನು ಅದರಲ್ಲಿ ಕಂಡದ್ದು ಸುಮ್ಮನೆ ಅಲ್ಲ. ವ್ಯಾಸಭಾರತದಲ್ಲಿ ಕೃಷ್ಣ ಅರ್ಜುನನಿಗೆ ಎರಡೂ ಕಡೆಯ ಅಂಕಪಟ್ಟಿಯನ್ನು ಸ್ಪಷ್ಟವಾಗಿ ಓದುತ್ತಾನೆ: ಭೀಮನಿಗೆ ಬಲ ಹೆಚ್ಚು, ದುರ್ಯೋಧನನಿಗೆ ಅಭ್ಯಾಸ ಹೆಚ್ಚು, ಹದಿಮೂರು ವರ್ಷ ಅವನು ಭೀಮನ ಕಬ್ಬಿಣದ ಪ್ರತಿಮೆಗೆ ಗದೆ ಹೊಡೆದು ಪಳಗಿದ್ದಾನೆ, ನೆಟ್ಟಗೆ ಕಾದಿದರೆ ಭೀಮ ಗೆಲ್ಲುವುದಿಲ್ಲ. ಬಲಕ್ಕೂ ವರಸೆಗೂ ನಡುವೆ ವರಸೆಯ ಕಡೆಗೆ ವಾಲಿದ ಆಟ. ಗದೆಯ ಕಟ್ಟಳೆ ಪ್ರಕಾರ ಹೊಕ್ಕುಳಿನಿಂದ ಕೆಳಗೆ ಹೊಡೆಯುವಂತಿಲ್ಲ. ಹಾಗಿದ್ದರೆ ತೊಡೆಗೆ ಬಿದ್ದ ಆ ಏಟು ಎಲ್ಲಿಂದ ಬಂತು? ಜೂಜಿನ ಸಭೆಯಿಂದ. ಅಲ್ಲಿ ಭೀಮ ತೊಡೆ ಮುರಿಯುತ್ತೇನೆಂದು ಆಣೆ ಮಾಡಿದ್ದ. ಸೋತು, ತಲೆ ತಗ್ಗಿಸಿ ನಿಂತ ಹೊತ್ತಿನಲ್ಲಿ ಗಂಟು ಕಟ್ಟಿಟ್ಟದ್ದನ್ನು ಕೊನೆಯಲ್ಲಿ ಬಿಚ್ಚಿದ.

ಇವತ್ತಿನ ಕಥೆಯಾಟಗಳು ಇದನ್ನು ಅಂಕದ ರೂಪದಲ್ಲಿ ಕೊಡುತ್ತವೆ. 1983ರ 'ಜೇಮ್ಸ್ ಬಾಂಡ್ 007' ಆಟದಲ್ಲಿ ಹೀರೋ ಪಾಯಿಂಟ್ ಬಂತು. 'ಸೆವೆಂತ್ ಸೀ'ಯ ಎರಡನೇ ಆವೃತ್ತಿಯಲ್ಲಂತೂ ನಿಮ್ಮ ಪಾತ್ರ ತನ್ನ ದುರ್ಗುಣಕ್ಕೆ ಬಿದ್ದು ತೊಂದರೆ ತಂದುಕೊಂಡರೆ ಅದಕ್ಕೆ ಪ್ರತಿಫಲವಾಗಿ ಒಂದು ಪಾಯಿಂಟ್ ಸಿಗುತ್ತದೆ. ಇವತ್ತು ಅವಮಾನ ನುಂಗಿ, ನಾಳೆ ಅದನ್ನು ಖರ್ಚು ಮಾಡಿ. ಸಾಲದ ಹಾಗೆ ಇದಕ್ಕೂ ಮಿತಿ ಇರಬೇಕು. ಪಾಯಿಂಟ್ ಸುಲಭವಾಗಿ ಸಿಕ್ಕರೆ ಆಟಗಾರರು ಬೇಕೆಂದೇ ದಡ್ಡತನ ಮಾಡಿ ಪಾಯಿಂಟ್ ಗುಡ್ಡೆ ಹಾಕುತ್ತಾರೆ. ಇನ್ನು ಗದಾಯುದ್ಧದಲ್ಲಿ ಭೀಮನ ಆ ಏಟನ್ನು ಆಕ್ಷೇಪಿಸಿದ ಬಲರಾಮ. ಪ್ರತಿ ಮೇಜಿನಲ್ಲೂ ಒಬ್ಬ ಬಲರಾಮ ಇರುತ್ತಾನೆ: ಪುಸ್ತಕದ ಪುಟ ತೆರೆದು ಹಿಡಿದು 'ಹೊಕ್ಕುಳ ಕೆಳಗೆ ಹೊಡೆಯುವ ಹಾಗಿಲ್ಲ' ಎಂದು ಎದ್ದು ನಿಲ್ಲುವವನು. ಅವನು ಹೇಳುವುದು ಸುಳ್ಳಲ್ಲ. ಅವನನ್ನು ಸಮಾಧಾನ ಮಾಡಿ ಕೂರಿಸುವ ಕೆಲಸ ಕೃಷ್ಣನಿಗೂ ಸುಲಭವಾಗಿರಲಿಲ್ಲ.

ಹಾಗಲವಾಡಿಯ ಆಟ ಬರೆದು ಮುಗಿಸುವ ಮೊದಲು ಒಂದು ತೊಡಕು ಬಾಕಿ ಇದೆ: ತುಪಾಕಿ. ಪಾಳೇಗಾರರ ಕೊನೆಕೊನೆಯ ಕಾಲದಲ್ಲಿ ಕತ್ತಿಯ ಜೊತೆ ತುಪಾಕಿಯೂ ಇತ್ತು, ಹೈದರನ ಸೇನೆಯಲ್ಲಂತೂ ಧಾರಾಳವಾಗಿ. ಮದ್ದಿನ ಆಯುಧಕ್ಕೆ ಅದರ ನಿಜವಾದ ಬಲ ಕೊಟ್ಟರೆ ಮರ ಹತ್ತುವವರಾರು, ಕತ್ತಿ ತೆಗೆಯುವವರಾರು? ಬಲ ಕಿತ್ತುಕೊಂಡರೆ ಜನ ನಗುತ್ತಾರೆ. 'ಸೆವೆಂತ್ ಸೀ' ಎರಡನೇ ಆವೃತ್ತಿಯ ಉತ್ತರ ನನಗೆ ಹಿಡಿಸಿತು. ಗುಂಡು ತಾಗಿದರೆ ದೊಡ್ಡ ಗಾಯವೇ ಆಗುತ್ತದೆ. ಆದರೆ ಮತ್ತೆ ಮದ್ದು ತುಂಬಲು ಐದು ರೇಸ್ ಬೇಕು. ಐದು ದಾಳ ಹಾಕಿ ಎರಡು ರೇಸ್ ದಕ್ಕಿದವನಿಗೆ ಅದೊಂದು ಆಸೆಯೇ ಸರಿ. ಒಂದು ಗುಂಡು, ಆಮೇಲೆ ತುಪಾಕಿ ಬಿಸಾಕಿ ಕತ್ತಿ ಹಿರಿಯಬೇಕು. ಇತಿಹಾಸಕ್ಕೂ ಇದು ದೂರವಲ್ಲ. ಬತ್ತಿಯ ಕೋವಿಯನ್ನು ತುಂಬುವಷ್ಟರಲ್ಲಿ ಕುದುರೆಯವನು ಮೇಲೆ ಬಿದ್ದಿರುತ್ತಿದ್ದ.

ಇಷ್ಟು ಬರೆದ ಮೇಲೂ ಮೇಜಿನ ಆ ತುದಿಯಿಂದ ಒಂದು ದನಿ ಬಂದೇ ಬರುತ್ತದೆ: 'ಸರ್, ನಾನು ನಾಲ್ಕು ತುಪಾಕಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ?' ಸಿಕ್ಕಿಸಿಕೊಳ್ಳಪ್ಪ. ಅಂಕ ನೂರಿದೆ, ಒಂದೊಂದಕ್ಕೆ ಇಪ್ಪತ್ತರಂತೆ ಕೊಡು. ಕುದುರೆಗೆ ಉಳಿಯುವುದಿಲ್ಲ, ನಡೆದುಕೊಂಡು ಬಾ. ಕಥೆ ನಡೆಯುವುದು ಆಷಾಢದಲ್ಲಿ, ಮದ್ದು ನೆನೆಯದಂತೆ ನೋಡಿಕೋ.